ಬಾವುಟ ಬರೆಯಲೆಂದೇ ಒಂದು ಪುಟ್ಟ ಪ್ರೋಗ್ರಾಮಿಂಗ್ ಭಾಷೆ: ಅದನ್ನು ರೂಪಿಸುವುದು ಹೇಗೆ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಅನುಪಾತ, ಭಿನ್ನರಾಶಿ ಮತ್ತು ಕೋನಗಳನ್ನು ಕಲಿಸುವಾಗ ದೇಶದೇಶಗಳ ಬಾವುಟಗಳನ್ನು ಕಂಪ್ಯೂಟರಿನಲ್ಲಿ ಬರೆಯಿಸಬೇಕೆಂದಿದ್ದೇನೆ. ನನಗೆ ಪೈಥಾನ್ ತಕ್ಕಮಟ್ಟಿಗೆ ಬರುತ್ತದೆ. ಆದರೆ ಮಕ್ಕಳು ಬಳಸುವುದು ಕನ್ನಡ ಪದಗಳಿರುವ, ಬಾವುಟಕ್ಕೆಂದೇ ಮಾಡಿದ ಸಣ್ಣ ಭಾಷೆಯಾಗಿರಲಿ ಎಂಬ ಆಸೆ. ಲೋಗೋ ಭಾಷೆಯಲ್ಲಿ ಪರದೆಯ ಮೇಲೆ ಗೆರೆ ಎಳೆಯುತ್ತ ಸಾಗುವ ಆಮೆಯ ಮಾದರಿಯನ್ನು ಅನುಸರಿಸಿದರೆ ಸಾಕೇ? ಯಾವ ಯಾವ ಆದೇಶಗಳು ಬೇಕಾಗುತ್ತವೆ? ಕನ್ನಡ ಲಿಪಿಯಿಂದ ತಾಂತ್ರಿಕ ತೊಡಕುಗಳೇನಾದರೂ ಬರುತ್ತವೆಯೇ?

ಉತ್ತರ: ಲೋಗೋ ಬಹಳ ಒಳ್ಳೆಯ ಭಾಷೆ. 1967ರಲ್ಲಿ ಸೀಮೂರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ಅವರ ಸಂಗಡಿಗರು ಅದನ್ನು ಮಕ್ಕಳ ಕಲಿಕೆಗಾಗಿಯೇ ರೂಪಿಸಿದರು. ಆದರೂ ಬಾವುಟದ ಕೆಲಸಕ್ಕೆ ಆಮೆಯನ್ನು ಹಚ್ಚಬೇಡಿ ಎಂದೇ ನಾನು ಹೇಳುತ್ತೇನೆ. ತಾನು ಎಲ್ಲಿ ನಿಂತಿದ್ದೇನೆ, ಯಾವ ಕಡೆಗೆ ಮುಖ ಮಾಡಿದ್ದೇನೆ ಎಂಬುದಷ್ಟೇ ಆಮೆಗೆ ಗೊತ್ತು. ಮುಂದಕ್ಕೆ ಇಷ್ಟು ಹೆಜ್ಜೆ, ಬಲಕ್ಕೆ ಇಷ್ಟು ಡಿಗ್ರಿ ಎಂದು ಹೇಳುತ್ತ ಹೋದಂತೆ ಅದು ಗೆರೆ ಎಳೆಯುತ್ತದೆ. ಬಾವುಟಗಳ ಕಾನೂನುಗಳಾದರೋ ಹೆಚ್ಚಾಗಿ ಜಾಗವನ್ನು ಹಂಚುವ ಮಾತನ್ನೇ ಆಡುತ್ತವೆ. ಉದ್ದ ಮತ್ತು ಎತ್ತರಗಳ ಅನುಪಾತ 3:2 ಇರಬೇಕು, ಸಮಾನ ಅಗಲದ ಮೂರು ಪಟ್ಟಿಗಳಿರಬೇಕು ಎಂದು ನಮ್ಮ ಧ್ವಜ ಸಂಹಿತೆ ಹೇಳುತ್ತದೆ. ಜಪಾನಿನ 1999ರ ಕಾನೂನಿನಂತೆ ನಡುವಿನ ಕೆಂಪು ಬಿಂಬದ ವ್ಯಾಸ ಎತ್ತರದ ಐದರಲ್ಲಿ ಮೂರು ಪಾಲು. ಬಾಂಗ್ಲಾದೇಶದ 1972ರ ನಿಯಮದಲ್ಲಿ ಬಾವುಟದ ಅಳತೆ 10:6, ವೃತ್ತದ ತ್ರಿಜ್ಯ ಉದ್ದದ ಐದನೇ ಒಂದು ಪಾಲು, ವೃತ್ತದ ಕೇಂದ್ರ ಉದ್ದದ ಇಪ್ಪತ್ತರಲ್ಲಿ ಒಂಬತ್ತನೇ ಭಾಗದಲ್ಲಿ.

ಆದ್ದರಿಂದ ಕಾನೂನಿನ ಒಂದು ವಾಕ್ಯಕ್ಕೆ ನಿಮ್ಮ ಭಾಷೆಯಲ್ಲಿ ಒಂದು ಸಾಲು ದೊರೆಯಬೇಕು. ಹೊಸದೊಂದು ಆದೇಶವನ್ನು ಸೇರಿಸಲೇ ಬೇಡವೇ ಎಂಬ ಗೊಂದಲ ಬಂದಾಗಲೆಲ್ಲ ಈ ಒಂದು ಪರೀಕ್ಷೆಯನ್ನು ಹಿಡಿದುಕೊಳ್ಳಿ. ಬಾಂಗ್ಲಾದೇಶದ ಬಾವುಟ ಹೀಗೆ ಬರಬಹುದು:

ಧ್ವಜ ಉದ್ದ 10 ಎತ್ತರ 6
ನೆಲ ಹಸಿರು
ವೃತ್ತ ಕೆಂಪು ತ್ರಿಜ್ಯ ಉದ್ದ*1/5 ಕಂಬದಿಂದ ಉದ್ದ*9/20 ಮೇಲಿನಿಂದ ಎತ್ತರ*1/2

ಈ ಮೂರು ಸಾಲುಗಳಲ್ಲಿ ಅಡಗಿರುವ ಕೆಲವು ತೀರ್ಮಾನಗಳನ್ನು ಬಿಡಿಸಿ ಹೇಳಬೇಕು. ಮೊದಲನೆಯದಾಗಿ, ಬರಿಯ 10:6 ಎಂದು ಬರೆಯಲು ಅವಕಾಶ ಕೊಡದೆ ಉದ್ದ, ಎತ್ತರ ಎಂಬ ಪದಗಳನ್ನು ಕಡ್ಡಾಯ ಮಾಡಿದ್ದೇನೆ. ಭಾರತದ ಸಂಹಿತೆ ಉದ್ದವನ್ನು ಮೊದಲು ಹೇಳಿ 3:2 ಎನ್ನುತ್ತದೆ. ಬಾವುಟಗಳ ಅಧ್ಯಯನ ಮಾಡುವವರು ಎತ್ತರವನ್ನು ಮೊದಲು ಹೇಳಿ ಅದನ್ನೇ 2:3 ಎಂದು ಬರೆಯುತ್ತಾರೆ. ಮಕ್ಕಳು ಎರಡು ಪುಸ್ತಕಗಳಿಂದ ಎರಡು ಬಾವುಟಗಳ ಅಳತೆ ತಂದರೆ ಒಂದು ಅಡ್ಡಲಾಗಿಯೂ ಇನ್ನೊಂದು ಉದ್ದುದ್ದವಾಗಿಯೂ ಮೂಡುವ ಸಂಭವವಿದೆ. ಎರಡನೆಯದಾಗಿ, ತ್ರಿಜ್ಯ 1/5 ಎಂದಷ್ಟೇ ಬರೆದರೆ ಅದು ಯಾವುದರ ಐದನೇ ಒಂದು ಎಂದು ತಿಳಿಯುವುದಿಲ್ಲ. ಬಾಂಗ್ಲಾದೇಶ ಉದ್ದವನ್ನು ಆಧಾರವಾಗಿ ಹಿಡಿದರೆ ಜಪಾನ್ ಎತ್ತರವನ್ನು ಹಿಡಿಯುತ್ತದೆ. ಆಧಾರವನ್ನು ಬಿಟ್ಟು ಬರೆದ ಸಾಲನ್ನು ನಿಮ್ಮ ಭಾಷೆ ಊಹೆಯಿಂದ ತುಂಬಿಕೊಳ್ಳಬಾರದು. “ತ್ರಿಜ್ಯ 1/5 ಎಂದಿದ್ದೀರಿ, ಉದ್ದದಲ್ಲೋ ಎತ್ತರದಲ್ಲೋ ತಿಳಿಸಿ” ಎಂದು ಕನ್ನಡದಲ್ಲೇ ಕೇಳಬೇಕು. ಅನುಪಾತದ ಪಾಠದಲ್ಲಿ ನೀವು ಮಕ್ಕಳಿಂದ ಬಯಸುವ ಎಚ್ಚರವೂ ಇದೇ ಅಲ್ಲವೇ?

ಮೂರನೆಯದಾಗಿ, ಎಡ ಮತ್ತು ಬಲ ಎಂಬ ಪದಗಳು ಈ ಭಾಷೆಯಲ್ಲಿ ಇಲ್ಲ. ಹಾರುವ ಬಾವುಟವನ್ನು ಎರಡು ಬದಿಗಳಿಂದಲೂ ನೋಡುತ್ತೇವೆ. ಒಂದು ಬದಿಯ ಎಡ ಇನ್ನೊಂದು ಬದಿಯ ಬಲವಾಗುತ್ತದೆ. ಬಾಂಗ್ಲಾದೇಶದ ವೃತ್ತ ನಟ್ಟನಡುವೆ ಇರದೆ ಕಂಬದ ಕಡೆಗೆ ತುಸು ಸರಿದಿದೆ, ಮತ್ತು ಯಾವ ಬದಿಯಿಂದ ನೋಡಿದರೂ ಕಂಬದ ಕಡೆಗೇ ಸರಿದಿರುತ್ತದೆ. ಆದ್ದರಿಂದ ಅಳತೆಯನ್ನು ಕಂಬದಿಂದ ಶುರುಮಾಡುವುದೇ ಸರಿ. ಹಾಗೆಯೇ ಮೇಲಿನಿಂದ, ಕೆಳಗಿನಿಂದ ಎಂಬ ಎರಡೂ ಪದಗಳಿರಲಿ. ಚಿತ್ರವನ್ನು, ಆಕೃತಿಗಳ ಅಳತೆಗಳನ್ನೇ ಬರೆದಿಡುವ ಎಸ್‌ವಿಜಿ ಕಡತವಾಗಿ ಹೊರಡಿಸಿದರೆ ಯಾವ ಬ್ರೌಸರಿನಲ್ಲಾದರೂ ತೆರೆಯಬಹುದು. ಆದರೆ ಎಸ್‌ವಿಜಿಯಲ್ಲಿ ವೈ ಅಕ್ಷ ಕೆಳಮುಖವಾಗಿ ಬೆಳೆಯುತ್ತದೆ, ನಿಮ್ಮ ಗಣಿತ ತರಗತಿಯಲ್ಲಿ ಮೇಲ್ಮುಖವಾಗಿ ಬೆಳೆಯುತ್ತದೆ. ಈ ಅದಲುಬದಲು ಮಕ್ಕಳ ಕಣ್ಣಿಗೆ ಬೀಳದಂತೆ ಕೊನೆಯ ಹಂತದಲ್ಲಿ ನಿಮ್ಮ ಪ್ರೋಗ್ರಾಮೇ ಮಾಡಿಕೊಳ್ಳಲಿ.

ಒಳಗಿನ ರಚನೆಗೆ ಒಂದೇ ಕಲ್ಪನೆ ಸಾಕು. ಪ್ರತಿಯೊಂದು ಆದೇಶವೂ ಒಂದು ಆಯತವನ್ನು ಪಡೆದು, ಬಣ್ಣ ತುಂಬಿದ ಆಕೃತಿಗಳ ಪಟ್ಟಿಯೊಂದನ್ನು ಹಿಂದಿರುಗಿಸುವ ಫಂಕ್ಷನ್ ಎಂದುಕೊಳ್ಳಿ. ಪಟ್ಟಿಯಲ್ಲಿ ಮೊದಲು ಬಂದದ್ದು ಅಡಿಯಲ್ಲಿ, ಆಮೇಲೆ ಬಂದದ್ದು ಅದರ ಮೇಲೆ. ಅಡ್ಡಪಟ್ಟಿ ಎಂಬ ಆದೇಶ ತನಗೆ ಸಿಕ್ಕ ಆಯತವನ್ನು ಪಾಲುಗಳಾಗಿ ಹಂಚುತ್ತದೆ: ಭಾರತಕ್ಕೆ 1, 1, 1, ಕೊಲಂಬಿಯಾಕ್ಕೆ 2, 1, 1, ಥಾಯ್ಲೆಂಡಿಗೆ 1, 1, 2, 1, 1. ಇಡೀ ಬಾವುಟವೂ ಆಯತವನ್ನು ಪಡೆಯುವ ಒಂದು ಫಂಕ್ಷನ್ನೇ ಆದ್ದರಿಂದ ಒಂದು ಬಾವುಟವನ್ನು ಇನ್ನೊಂದರ ಮೂಲೆಯಲ್ಲಿ ಕೂರಿಸಲು ಬೇರೆ ಆದೇಶವೇ ಬೇಕಾಗುವುದಿಲ್ಲ. ಆಸ್ಟ್ರೇಲಿಯಾದ ಬಾವುಟದಲ್ಲಿ ಬ್ರಿಟನ್ನಿನ ಬಾವುಟ ಕಂಬದ ಕಡೆಯ ಮೇಲಿನ ಕಾಲುಭಾಗದಲ್ಲಿದೆ. ಎರಡರ ಅನುಪಾತವೂ ಒಂದೇ ಆಗಿರುವುದರಿಂದ ಅದು ಎಳೆದಾಡದೆ ಸರಿಯಾಗಿ ಕೂರುತ್ತದೆ.

ನಾರ್ವೆಯ ಬಾವುಟವನ್ನು ಮಕ್ಕಳಿಗೆ ಬೇಗನೆ ಕೊಡಿ. ಅದರಲ್ಲಿ ಕೆಂಪು ನೆಲದ ಮೇಲೆ ಬಿಳಿ ಶಿಲುಬೆ, ಅದರೊಳಗೆ ನೀಲಿ ಶಿಲುಬೆ ಇದೆ. ಅಳತೆಗಳು ಅಡ್ಡಲಾಗಿ 6, 1, 2, 1, 12. ಮೇಲಿನಿಂದ ಕೆಳಕ್ಕೆ 6, 1, 2, 1, 6.

ಧ್ವಜ ಉದ್ದ 22 ಎತ್ತರ 16
ನೆಲ ಕೆಂಪು
ಶಿಲುಬೆ ಬಿಳಿ ಉದ್ದದಲ್ಲಿ 6 4 12 ಎತ್ತರದಲ್ಲಿ 6 4 6
ಶಿಲುಬೆ ನೀಲಿ ಉದ್ದದಲ್ಲಿ 7 2 13 ಎತ್ತರದಲ್ಲಿ 7 2 7

ಐದು ಸಂಖ್ಯೆಗಳು ಮೂರು ಸಂಖ್ಯೆಗಳ ಎರಡು ಗುಂಪುಗಳಾಗಿ ಮಾರ್ಪಟ್ಟದ್ದು ಹೇಗೆ, ಪ್ರತಿ ಗುಂಪಿನ ಮೊತ್ತ 22 ಅಥವಾ 16 ಆಗಲೇಬೇಕಾದದ್ದು ಏಕೆ ಎಂದು ಮಕ್ಕಳು ತಾವಾಗಿಯೇ ಕಂಡುಕೊಳ್ಳುತ್ತಾರೆ. ಸ್ವೀಡನ್ನಿನ ಶಿಲುಬೆ ಇನ್ನೂ ಸುಲಭ: 5, 2, 9 ಮತ್ತು 4, 2, 4.

ಇನ್ನು ನಮ್ಮ ತ್ರಿವರ್ಣ ಧ್ವಜದ ವಿಚಾರ. ಪಟ್ಟಿಗಳು ಒಂದೇ ಸಾಲಿನಲ್ಲಿ ಮುಗಿಯುತ್ತವೆ. ಚಕ್ರದ ಬಳಿ ನಿಲ್ಲಬೇಕಾಗುತ್ತದೆ. ರಾಷ್ಟ್ರಧ್ವಜದ ತಯಾರಿಕೆಗೆ ಭಾರತೀಯ ಮಾನಕ ಬ್ಯೂರೊ ಗೊತ್ತುಮಾಡಿದ ಐಎಸ್ 1 ಎಂಬ ಮಾನಕದಲ್ಲಿ ಒಂಬತ್ತು ಗಾತ್ರಗಳ ಕೋಷ್ಟಕವಿದ್ದು, ಪ್ರತಿ ಗಾತ್ರಕ್ಕೂ ಚಕ್ರದ ವ್ಯಾಸವನ್ನು ಮಿಲಿಮೀಟರುಗಳಲ್ಲಿ ಕೊಟ್ಟಿದ್ದಾರೆ. 900 ಕ್ಕೆ 600ರ ಬಾವುಟಕ್ಕೆ 185. 1800 ಕ್ಕೆ 1200ಕ್ಕೆ 370. 2700 ಕ್ಕೆ 1800ಕ್ಕೆ 555. 3600 ಕ್ಕೆ 2400ಕ್ಕೆ 740. ಅತಿ ದೊಡ್ಡದಾದ 6300 ಕ್ಕೆ 4200ಕ್ಕೆ 1295. ಇವುಗಳನ್ನು ಎತ್ತರದಿಂದ ಭಾಗಿಸಿ ಸಂಕ್ಷೇಪಿಸಿದರೆ ಐದಕ್ಕೂ ಬರುವುದು 37/120 ಎಂಬ ಒಂದೇ ಭಿನ್ನರಾಶಿ. ಬಿಳಿ ಪಟ್ಟಿ ಎತ್ತರದ 40/120 ಆದ್ದರಿಂದ ಚಕ್ರದ ಮೇಲೆ ಮತ್ತು ಕೆಳಗೆ ಉಳಿಯುವ ಬಿಳಿ ತಲಾ ಎತ್ತರದ 1/80. 600 ಮಿಲಿಮೀಟರ್ ಎತ್ತರದ ಬಾವುಟದಲ್ಲಿ ಏಳೂವರೆ ಮಿಲಿಮೀಟರ್. ಆದರೆ ಉಳಿದ ನಾಲ್ಕು ಗಾತ್ರಗಳು ಈ ಭಿನ್ನರಾಶಿಗೆ ಒಗ್ಗುವುದಿಲ್ಲ. 1350 ಕ್ಕೆ 900ರ ಬಾವುಟಕ್ಕೆ ಲೆಕ್ಕದ ಪ್ರಕಾರ 277.5 ಬರಬೇಕು, ಕೋಷ್ಟಕದಲ್ಲಿ 280 ಇದೆ. 450 ಕ್ಕೆ 300ಕ್ಕೆ 92.5ರ ಬದಲು 90. ಚಿಕ್ಕವುಗಳಲ್ಲಿ ಅಂತರ ಇನ್ನೂ ಹೆಚ್ಚು: 225 ಕ್ಕೆ 150ಕ್ಕೆ 40, 150 ಕ್ಕೆ 100ಕ್ಕೆ 25, ಅಂದರೆ ಕೊನೆಯದರಲ್ಲಿ ಎತ್ತರದ ಕಾಲುಭಾಗ ಮಾತ್ರ.

ಭಾಷೆಯನ್ನು ರೂಪಿಸುವವರಿಗೆ ಇದು ಬಹಳ ಬೆಲೆಯುಳ್ಳ ಉದಾಹರಣೆ. ಇದಕ್ಕಾಗಿ “ಗಾತ್ರ ಇಷ್ಟಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ” ಎಂಬ ಷರತ್ತಿನ ವಾಕ್ಯವನ್ನು ಭಾಷೆಗೆ ತರಬೇಕೆಂಬ ಮನಸ್ಸಾಗುತ್ತದೆ, ತರಬೇಡಿ. ಷರತ್ತು ಬಂದರೆ ಅದರ ಹಿಂದೆಯೇ ಹೋಲಿಕೆ, ಚರಾಕ್ಷರ, ಕುಣಿಕೆ (ಲೂಪ್) ಎಲ್ಲವೂ ಬಂದು, ಪೈಥಾನಿನ ಅರೆಬರೆ ನಕಲೊಂದು ನಿಮ್ಮ ಕೈಯಲ್ಲಿ ಉಳಿಯುತ್ತದೆ. ಪರದೆಯ ಮೇಲಿನ ಚಿತ್ರಕ್ಕೆ 37/120 ಸಾಕು. ನಿಜವಾದ ಬಟ್ಟೆಯ ಅಳತೆ ಬೇಕೆನ್ನುವವರಿಗೆ ಒಂಬತ್ತು ಸಾಲುಗಳ ಕೋಷ್ಟಕವನ್ನು ಪ್ರತ್ಯೇಕ ಕಡತದಲ್ಲಿಟ್ಟು ಓದಿಕೊಳ್ಳುವ ಒಂದು ಆದೇಶ ಕೊಡಿ. ಬಣ್ಣಗಳಿಗೂ ಇದೇ ಮಾತು: ಕೇಸರಿ, ಕಡುನೀಲಿ ಎಂಬ ಹೆಸರುಗಳು ಬಾವುಟದ ಸಾಲಿನಲ್ಲಿರಲಿ, ಆ ಹೆಸರಿಗೆ ಯಾವ ಸಂಕೇತ ಎಂಬುದು ಹೊರಗಿನ ಪಟ್ಟಿಯಲ್ಲಿರಲಿ.

ಚಕ್ರದ 24 ಅರಗಳಿಗೆ ಮಾತ್ರ ಪುನರಾವರ್ತನೆ ಬೇಕೇ ಬೇಕು, ಆದರೆ ಒಂದೇ ಬಗೆಯದು: ಕೇಂದ್ರದ ಸುತ್ತ ಇಷ್ಟು ಬಾರಿ. 360 ಡಿಗ್ರಿಯನ್ನು ಭಾಷೆಯೇ ಸಮನಾಗಿ ಹಂಚಿಕೊಂಡು 15 ಡಿಗ್ರಿಗೊಂದರಂತೆ ಅರಗಳನ್ನು ಇಡುತ್ತದೆ. ನೀವು ಬೇಲೂರಿನಲ್ಲೇ ಇರುವುದರಿಂದ ಈ ಆದೇಶವನ್ನು ಕಲಿಸಲು ಚೆನ್ನಕೇಶವ ದೇವಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಹೊಯ್ಸಳ ಗುಡಿಗಳ ನಕ್ಷತ್ರಾಕಾರದ ತಳವಿನ್ಯಾಸದ ಹಿಂದಿರುವುದು ಒಂದು ಚೌಕವನ್ನು ಅದರ ಕೇಂದ್ರದ ಸುತ್ತ ಸಮನಾದ ಕೋನಗಳಲ್ಲಿ ತಿರುಗಿಸುತ್ತ ಹೋಗುವ ಕ್ರಮ. ಒಂದೇ ಅಳತೆಯ ನಾಲ್ಕು ಚೌಕಗಳನ್ನು 22.5 ಡಿಗ್ರಿ ಅಂತರದಲ್ಲಿ ಒಂದರ ಮೇಲೊಂದು ಇಟ್ಟರೆ ಹದಿನಾರು ಮೂಲೆಗಳು ಮೂಡುತ್ತವೆ. ಗೋಡೆಯ ಪಕ್ಕದಲ್ಲಿ ನಡೆಯುತ್ತ ಮೂಲೆಗಳು ಎಲ್ಲಿ ಹೊರಚಾಚುತ್ತವೆ, ಎಲ್ಲಿ ಒಳಸರಿಯುತ್ತವೆ ಎಂದು ಗುರುತು ಹಾಕಿಕೊಂಡು ಬಂದ ಮಗುವಿಗೆ ಮರುದಿನ ಆ ಒಂದು ಸಾಲಿನ ಅರ್ಥ ಹೇಳಿಕೊಡಬೇಕಾಗುವುದಿಲ್ಲ.

ಈಗ ಸಂಖ್ಯೆಗಳ ಕಡೆಗೆ ಬರೋಣ. ಅಳತೆಗಳನ್ನು ದಶಮಾಂಶಗಳಾಗಿ ಇಟ್ಟುಕೊಳ್ಳದೆ ಪೈಥಾನಿನ ಫ್ರಾಕ್ಷನ್ ಸೌಲಭ್ಯವನ್ನು ಬಳಸಿ ನಿಜವಾದ ಭಿನ್ನರಾಶಿಗಳಾಗಿಯೇ ಇಟ್ಟುಕೊಳ್ಳಿ. ಮೂರನೇ ಒಂದನ್ನು ಮೂರು ಬಾರಿ ಕೂಡಿದರೆ ಒಂದೇ ಬರಬೇಕು, ಪಾಲುಗಳ ಮೊತ್ತ ಸರಿಯಿದೆಯೇ ಎಂಬ ತಪಾಸಣೆಯೂ ಆಗ ಖಚಿತವಾಗುತ್ತದೆ. ಹೀಗಿದ್ದರೂ ಪರದೆಯ ಮೇಲೆ ಒಂದು ತೊಂದರೆ ಕಾಣಿಸಿಕೊಳ್ಳುತ್ತದೆ: ಎರಡು ಪಟ್ಟಿಗಳ ನಡುವೆ ಕೂದಲೆಳೆಯಷ್ಟು ತೆಳುವಾದ, ಬೇಡದ ಗೆರೆ. 100 ಪಿಕ್ಸೆಲ್ ಎತ್ತರದ ತ್ರಿವರ್ಣವನ್ನು ಕಪ್ಪು ಹಿನ್ನೆಲೆಯ ಮೇಲೆ ಬರೆಯುತ್ತಿದ್ದೀರಿ ಎನ್ನಿ. ಕೇಸರಿ ಮುಗಿಯುವುದು ಮೇಲಿನಿಂದ 33 ಪಿಕ್ಸೆಲ್ ಸಾಲುಗಳಾದ ಮೇಲೆ ಇನ್ನೂ ಮೂರನೇ ಒಂದು ಸಾಲಿಗೆ. ಆ ಸಾಲಿನಲ್ಲಿ ಬ್ರೌಸರ್ ಕೇಸರಿಯನ್ನು ಮೂರನೇ ಒಂದರಷ್ಟು ಬಳಿಯುತ್ತದೆ, ಹಿನ್ನೆಲೆ ಮೂರನೇ ಎರಡರಷ್ಟು ಉಳಿಯುತ್ತದೆ. ಆಮೇಲೆ ಬಿಳಿಯನ್ನು ಮೂರನೇ ಎರಡರಷ್ಟು ಬಳಿದಾಗ ಹಿನ್ನೆಲೆ ಪೂರ್ತಿ ಮುಚ್ಚಿಹೋಗುವುದಿಲ್ಲ. ಉಳಿದಿದ್ದ ಮೂರನೇ ಎರಡರಲ್ಲಿ ಮೂರನೇ ಒಂದು, ಅಂದರೆ ಒಂಬತ್ತರಲ್ಲಿ ಎರಡು ಪಾಲು ಕಪ್ಪು ಅಲ್ಲೇ ಇಣುಕುತ್ತದೆ. ಭಿನ್ನರಾಶಿಗಳ ಗುಣಾಕಾರಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಸಿಗುವುದು ಕಷ್ಟ.

ಇದರ ಪರಿಹಾರ ಸರಳವಾಗಿದೆ. ಪಟ್ಟಿಗಳನ್ನು ಅಕ್ಕಪಕ್ಕ ಜೋಡಿಸದೆ ಒಂದರ ಮೇಲೊಂದು ಹಾಸಬೇಕು. ಮೊದಲು ಇಡೀ ಆಯತಕ್ಕೆ ಹಸಿರು, ಅದರ ಮೇಲೆ ಮೇಲಿನ ಮೂರನೇ ಎರಡು ಭಾಗಕ್ಕೆ ಬಿಳಿ, ಅದರ ಮೇಲೆ ಮೇಲಿನ ಮೂರನೇ ಒಂದು ಭಾಗಕ್ಕೆ ಕೇಸರಿ. ಆಗ ಗಡಿಯ ಸಾಲಿನಲ್ಲಿ ಬೆರೆಯುವುದು ನೆರೆಯ ಎರಡು ಬಣ್ಣಗಳು ಮಾತ್ರ. ಮಗು ಬರೆಯುವ ಸಾಲು ಬದಲಾಗಬೇಕಿಲ್ಲ. ಅಡ್ಡಪಟ್ಟಿ ಆದೇಶವನ್ನು ಆಕೃತಿಗಳಾಗಿ ಬಿಡಿಸುವಾಗ ನಿಮ್ಮ ಪ್ರೋಗ್ರಾಮ್ ಹೀಗೆ ಮಾಡಿದರಾಯಿತು. ಗೆರೆ ಎಳೆಯುವ ಭಾಷೆಯ ಬದಲು ಜಾಗ ಹಂಚುವ ಭಾಷೆಯನ್ನು ಆರಿಸಿಕೊಂಡದ್ದಕ್ಕೆ ಸಿಗುವ ಲಾಭವೂ ಇದೇ: ಮಗು ಏನನ್ನು ಬಯಸಿತು ಎಂಬುದು ಪ್ರೋಗ್ರಾಮಿಗೆ ಗೊತ್ತಿರುವುದರಿಂದ ಅದನ್ನು ಬರೆಯುವ ಕ್ರಮವನ್ನು ಪ್ರೋಗ್ರಾಮೇ ಆರಿಸಿಕೊಳ್ಳಬಹುದು.

ನೇಪಾಳದ ಬಾವುಟವನ್ನು ಮೊದಲ ಆವೃತ್ತಿಯಲ್ಲಿ ಮುಟ್ಟಬೇಡಿ, ಆದರೆ ಅದನ್ನು ಓದದೆ ಭಾಷೆಯ ವಿನ್ಯಾಸವನ್ನು ಮುಗಿಸಬೇಡಿ. ಆ ದೇಶದ ಸಂವಿಧಾನದ ಮೊದಲ ಅನುಸೂಚಿಯಲ್ಲಿ ಬಾವುಟವನ್ನು ರಚಿಸುವ ವಿಧಾನವನ್ನು 24 ಹೆಜ್ಜೆಗಳಲ್ಲಿ, ಸ್ಕೇಲು ಕೈವಾರ ಹಿಡಿದ ವಿದ್ಯಾರ್ಥಿಗೆ ಹೇಳಿದಂತೆ ಬರೆದಿದ್ದಾರೆ. ಬಿಂದುಗಳಿಗೆ ನಮ್ಮ ಅಕ್ಷರಗಳನ್ನು ಇಟ್ಟರೆ ಅದರ ಆರಂಭ ಹೀಗಿದೆ: ಕೆಳಗೆ ಕಖ ಎಂಬ ಗೆರೆ ಎಳೆಯಿರಿ; ಕ ಬಿಂದುವಿನಿಂದ ಮೇಲಕ್ಕೆ, ಕಖದ ಉದ್ದಕ್ಕೆ ಅದರ ಮೂರನೇ ಒಂದನ್ನು ಕೂಡಿಸಿದಷ್ಟು ಉದ್ದದ ಕಗ ಗೆರೆ ಎಳೆಯಿರಿ; ಕಗದ ಮೇಲೆ ಕಖದಷ್ಟೇ ದೂರದಲ್ಲಿ ಘ ಗುರುತಿಸಿ, ಖ ಮತ್ತು ಘಗಳನ್ನು ಸೇರಿಸಿ; ಖದಿಂದ ಘದ ಕಡೆಗೆ ಕಖದಷ್ಟು ದೂರದಲ್ಲಿ ಚ ಗುರುತಿಸಿ; ಚ ಮೂಲಕ ಕಖಕ್ಕೆ ಸಮಾಂತರವಾಗಿ, ಕಗದಿಂದ ಹೊರಟು ಕಖದಷ್ಟೇ ಉದ್ದವಾಗಿರುವ ಗೆರೆ ಎಳೆಯಿರಿ. ಆ ಗೆರೆಯ ಬಲತುದಿಯನ್ನು ಗಗೆ ಸೇರಿಸಿದರೆ ಮೇಲಿನ ತ್ರಿಕೋನ ಮುಗಿಯಿತು.

ಇಲ್ಲಿ ಖಘ ಒಂದು ಚೌಕದ ಕರ್ಣ. ಕಖ 1 ಆದರೆ ಕರ್ಣ 2ರ ವರ್ಗಮೂಲ, ಚ ಬಿಂದುವಿನ ಎತ್ತರ 1 ಭಾಗಿಸು 2ರ ವರ್ಗಮೂಲ, ಸುಮಾರು 0.7071. ಅಲ್ಲಿಯವರೆಗೆ ಕಾಪಾಡಿಕೊಂಡು ಬಂದ ಭಿನ್ನರಾಶಿಗಳು ಇಲ್ಲಿ ಕೈಕೊಡುತ್ತವೆ; ನೀಲಿ ಅಂಚೂ ಸೇರಿದಾಗ ಎತ್ತರಕ್ಕೂ ಅಗಲಕ್ಕೂ ಇರುವ ಅನುಪಾತ ಸುಮಾರು 1.219 ಆಗುತ್ತದೆಯೇ ಹೊರತು ಯಾವ ಸರಳ ಭಿನ್ನರಾಶಿಯೂ ಆಗುವುದಿಲ್ಲ. ಐದು ಮೂಲೆಯ ನಕ್ಷತ್ರವೂ ಇದೇ ಜಾತಿಯದು. ಆದ್ದರಿಂದ ಭಾಷೆಯಲ್ಲಿ ಎರಡು ಪದರಗಳಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ: ಜಾಗ ಹಂಚುವ ಪದರದಲ್ಲಿ ಭಿನ್ನರಾಶಿಗಳು ಮಾತ್ರ, ಬಿಂದು, ಗೆರೆ, ಸಮಾಂತರ, ಛೇದನಗಳ ರಚನಾ ಪದರದಲ್ಲಿ ದಶಮಾಂಶ. ಎರಡನೆಯ ಪದರವನ್ನು ಹತ್ತನೆಯ ತರಗತಿಗೆ ಇಟ್ಟುಕೊಳ್ಳಿ. ವರ್ಗಮೂಲ 2 ಭಾಗಲಬ್ಧವಲ್ಲ ಎಂಬ ಪ್ರಮೇಯ ಪಾಠದಲ್ಲಿ ಬರುವ ಹೊತ್ತಿಗೆ ಅದು ಒಂದು ದೇಶದ ಬಾವುಟದಲ್ಲಿ ಹಾರುತ್ತಿರುವುದನ್ನೂ ತೋರಿಸಬಹುದು.

ಕನ್ನಡ ಲಿಪಿಯ ತೊಡಕುಗಳ ಬಗ್ಗೆ ಕೇಳಿದ್ದೀರಿ. ಪೈಥಾನಿನಲ್ಲಿ ಪದಗಳನ್ನು ಬಿಡಿಸಲು ಎಲ್ಲರೂ ಬಳಸುವ, ಹಿಂದೊಲಿದ ಗೆರೆ ಮತ್ತು ಡಬ್ಲ್ಯೂ ಅಕ್ಷರದ (\w), ಅಕ್ಷರಗಳ ಮಾದರಿಯನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಗುರುತು ನಮ್ಮ ಕಾಗುಣಿತದ ಚಿಹ್ನೆಗಳನ್ನು ಅಕ್ಷರಗಳೆಂದು ಒಪ್ಪುವುದಿಲ್ಲ. ಕೇಸರಿ ಎಂದು ಬರೆದರೆ ಅದಕ್ಕೆ ಸಿಗುವುದು ಕ ಮತ್ತು ಸರ ಎಂಬ ಎರಡು ತುಂಡುಗಳು. ಆದ್ದರಿಂದ ಆ ಗುರುತನ್ನು ಬಿಟ್ಟು, ಖಾಲಿ ಜಾಗ ಮತ್ತು ನೀವೇ ಗೊತ್ತುಮಾಡಿದ ಚಿಹ್ನೆಗಳ ಬಳಿ ಸಾಲನ್ನು ಕತ್ತರಿಸಿ. ಯೂನಿಕೋಡಿನಲ್ಲಿ ಕೋ, ಕೇ ಮೊದಲಾದವುಗಳ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ ರೀತಿ ಕಂಡರೂ ಕಂಪ್ಯೂಟರಿಗೆ ಅವು ಬೇರೆ ಬೇರೆ. ಓದಿದ ಕೂಡಲೇ ಇಡೀ ಸಾಲನ್ನು, ಬಿಡಿ ಚಿಹ್ನೆಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದು, ಸೊನ್ನೆ ಅಗಲದ ಕಾಣದ ಚಿಹ್ನೆಗಳನ್ನು ಕಿತ್ತುಹಾಕಿ. ಅಂಕಿಗಳು ಕನ್ನಡದಲ್ಲಿದ್ದರೆ ಪೈಥಾನಿನಲ್ಲಿ ಬರಹವನ್ನು ಸಂಖ್ಯೆಯಾಗಿಸುವ ಇಂಟ್ ಅವುಗಳನ್ನು ಹಾಗೆಯೇ ಓದಿಕೊಳ್ಳುತ್ತದೆ. ಮಕ್ಕಳು ಹಳೆಯ ನುಡಿ ತಂತ್ರಾಂಶದ ಆಸ್ಕಿ ಅಕ್ಷರಗಳಲ್ಲಿ ಟೈಪು ಮಾಡದಂತೆ ಮಾತ್ರ ಮೊದಲ ದಿನವೇ ನೋಡಿಕೊಳ್ಳಿ. ಆ ಕಡತದಲ್ಲಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು, ಕನ್ನಡವೇ ಇರುವುದಿಲ್ಲ.

ಪದಗಳನ್ನು ಅರ್ಥಮಾಡಿಕೊಳ್ಳುವ ಭಾಗಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಪ್ರತಿ ಸಾಲಿನ ಮೊದಲ ಪದ ಆದೇಶದ ಹೆಸರಾಗಿದ್ದರೆ ಒಂದು ಡಿಕ್ಷನರಿಯಲ್ಲಿ (ಪ್ರತಿ ಹೆಸರಿಗೂ ಅದರ ಫಂಕ್ಷನ್ ಜೋಡಿಸಿಟ್ಟ ಪೈಥಾನಿನ ಪಟ್ಟಿ) ಹುಡುಕಿ ಆಯಾ ಫಂಕ್ಷನ್ನಿಗೆ ಕಳುಹಿಸಿದರೆ ಸಾಕು. ಉದ್ದದಲ್ಲಿ, ಕಂಬದಿಂದ ಎಂಬ ವಿಭಕ್ತಿಯುಳ್ಳ ರೂಪಗಳನ್ನು ಬಿಡಿಸಲು ಹೋಗದೆ ಇಡಿಯಾಗಿ ಗೊತ್ತುಪಡಿಸಿದ ಪದಗಳೆಂದೇ ಹಿಡಿಯಿರಿ.

ಕೊನೆಯದಾಗಿ, ಭಾಷೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿ. ಶ್ರೀಲಂಕಾದ ಸಿಂಹ, ಭೂತಾನಿನ ಡ್ರ್ಯಾಗನ್, 2018ರಲ್ಲಿ ರಾಜ್ಯ ಸರ್ಕಾರ ಪ್ರಸ್ತಾಪಿಸಿದ ಹಳದಿ, ಬಿಳಿ, ಕೆಂಪು ನಾಡಧ್ವಜದ ನಡುವಿನ ಗಂಡಭೇರುಂಡ, ಇವುಗಳನ್ನು ಅನುಪಾತದ ಮಾತಿನಲ್ಲಿ ಹೇಳಲಾಗದು. ಅವುಗಳಿಗೆ ಚಿತ್ರ ಎಂಬ ಒಂದು ಆದೇಶವಿರಲಿ: ಸಿದ್ಧ ಎಸ್‌ವಿಜಿ ಚಿತ್ರವೊಂದನ್ನು ಕೊಟ್ಟ ಆಯತದಲ್ಲಿ, ಅದರ ಸ್ವಂತ ಅನುಪಾತ ಕೆಡದಂತೆ ಕೂರಿಸುವುದಷ್ಟೇ ಅದರ ಕೆಲಸ. ಅಭ್ಯಾಸದ ಪ್ರತಿಗಳನ್ನು ಮುದ್ರಿಸುವುದಾದರೆ ನಮ್ಮ ರಾಷ್ಟ್ರಧ್ವಜದ ಬದಲು ಶಾಲೆಯ ತಂಡಗಳ ಬಾವುಟಗಳನ್ನು ಮುದ್ರಿಸಿ; ಕಾಗದದ ರಾಷ್ಟ್ರಧ್ವಜವನ್ನೂ ನೆಲಕ್ಕೆ ಎಸೆಯಬಾರದೆಂದು ಧ್ವಜ ಸಂಹಿತೆ ಹೇಳುತ್ತದೆ, ತರಗತಿಯಲ್ಲಿ ತಪ್ಪಾಗಿ ಮೂಡಿದ ಹಾಳೆಗಳು ಎಲ್ಲಿ ಬೀಳುತ್ತವೆ ಎಂಬುದು ನಿಮಗೇ ಗೊತ್ತಿದೆ. ನಾರ್ವೆ ಮತ್ತು ಬಾಂಗ್ಲಾದೇಶದ ಬಾವುಟಗಳು ಸರಿಯಾಗಿ ಬಂದ ಮೇಲೆ, ನಿಮ್ಮ ಶಾಲೆಯ ತಂಡಗಳಿಗೆ ಬಾವುಟಗಳನ್ನು ಮಕ್ಕಳೇ ರೂಪಿಸಿ, ಅವುಗಳ ಕಾನೂನನ್ನು ಮೊದಲು ಕನ್ನಡ ವಾಕ್ಯಗಳಲ್ಲಿ ಬರೆದು, ಬೇರೆ ತಂಡದವರ ಕೈಗೆ ಕೊಟ್ಟು ಆ ವಾಕ್ಯಗಳಿಂದಲೇ ಪ್ರೋಗ್ರಾಮ್ ಬರೆಯಿಸಿ. ಎರಡು ಕಡೆಯ ಚಿತ್ರಗಳು ಹೊಂದದಿದ್ದರೆ ಕಾನೂನಿನ ಯಾವ ವಾಕ್ಯದಲ್ಲಿ ಆಧಾರ ಬಿಟ್ಟುಹೋಗಿದೆ ಎಂದು ಅವರೇ ಹುಡುಕಲಿ.